ಪಕ್ಕ ಕೂರೋಳು

ಆಯಮ್ಮನ ಎಡ ಮುಂಗೈ ಮೇಲೆ ಯಾವಾಗಲೂ ಉಗುರಿನ ಗುರುತುಗಳಿರುತ್ತಿದ್ದವು. ಕೆಲವು ಹಳೆಯವು, ಬೆಳ್ಳಗೆ ಮಾಸಿದವು. ಕೆಲವು ಅಂದಿನವೇ, ರಕ್ತ ಜಿನುಗುವ ಹಾಗೆ ಕೆಂಪಗೆ. ಹೆರಿಗೆ ನೋವು ತಿನ್ನುವ ಹೆಂಗಸರಿಗೆ ಹಿಡಿದುಕೊಳ್ಳಲು ಅವರು ಆ ಕೈಯನ್ನೇ ಕೊಡುತ್ತಿದ್ದರು. "ಬಲಗೈ ಅನ್ನ ತಿನ್ನೋಕೆ ಬೇಕಲ್ಲ," ಎನ್ನುತ್ತಿದ್ದರು.

ಭದ್ರಾವತಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಅವರು ಆಯಾ. ನೆಲ ಒರೆಸುವುದು, ಬೆಡ್‌ಶೀಟ್ ಬದಲಿಸುವುದು, ಬಿಸಿನೀರು ತರುವುದು ಅವರ ಕೆಲಸ. ಹೆರಿಗೆ ಕೋಣೆಯಲ್ಲಿ ಪಕ್ಕ ಕೂರುವುದು ಯಾರೂ ಹೇಳದೆ ಮಾಡುತ್ತಿದ್ದ ಕೆಲಸ. ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಗಂಡ ತೀರಿಕೊಂಡಿದ್ದರು. ಮನೆಯಲ್ಲಿ ತಮಿಳು, ನಮ್ಮೊಡನೆ ಕನ್ನಡ. "ಮಗು ತೆಗೆಯೋರು ಡಾಕ್ಟ್ರು. ನಾನು ಬರೀ ಪಕ್ಕ ಕೂರೋಳು," ಎಂಬುದು ಅವರ ಮಾತು.

ನಾನು ಅಲ್ಲಿಗೆ ಹೋದದ್ದು ಎರಡನೇ ಬಸಿರಿನಲ್ಲಿ. ಮೊದಲನೆಯ ಸಲ ನಾವು ಶಿವಮೊಗ್ಗದ ವಿನೋಬನಗರದಲ್ಲಿದ್ದೆವು. ಎಂಟು ತಿಂಗಳು ತುಂಬಿತ್ತು. ಒಂದು ಬೆಳಿಗ್ಗೆ ಮಗು ಮಿಸುಕಾಡುತ್ತಿಲ್ಲ ಅನಿಸಿ ಅತ್ತೆಗೆ ಹೇಳಿದೆ. "ಮಲಗಿರತ್ತೆ ಕಣೇ, ಏನಾದ್ರೂ ಸಿಹಿ ತಿನ್ನು," ಅಂದರು. ತಿಂದೆ. ಸಂಜೆ ಗಂಡನಿಗೆ ಹೇಳಿದೆ. ಅವರೂ ಅಮ್ಮನ ಮಾತನ್ನೇ ಹೇಳಿದರು. ಮಾರನೆಯ ದಿನ ಸ್ಕ್ಯಾನಿಂಗ್ ಮಾಡುತ್ತಿದ್ದ ಡಾಕ್ಟರು ಪರದೆಯನ್ನು ಆಚೆಗೆ ತಿರುಗಿಸಿದರು. ಆಮೇಲೆ ಇಡೀ ದಿನ ನೋವು ತಿಂದು, ಅಳದ ಮಗುವನ್ನು ಹೆತ್ತೆ. ಆ ಕೋಣೆಯಲ್ಲಿ ನನ್ನ ಪಕ್ಕ ಯಾರೂ ಇರಲಿಲ್ಲ.

ಎರಡನೇ ಸಲ ಹಟ ಹಿಡಿದು ತವರೂರು ಭದ್ರಾವತಿಗೆ ಬಂದೆ. ನೋವು ಶುರುವಾದ ದಿನ ಆಯಮ್ಮ ಬೆಳಿಗ್ಗೆಯಿಂದ ನನ್ನ ಸೊಂಟ ಉಜ್ಜುತ್ತ ಹರಟುತ್ತಿದ್ದರು. ತಮ್ಮ ಮಗಳು ಚಿಕ್ಕವಳಿದ್ದಾಗ ತ್ಯಾವರೆಕೊಪ್ಪದ ಸಫಾರಿಯಲ್ಲಿ ಹುಲಿ ಕಾಣಲಿಲ್ಲವೆಂದು ರಂಪ ಮಾಡಿದ್ದನ್ನು ಹೇಳಿ ನಗಿಸಿದ್ದರು. ಮಧ್ಯಾಹ್ನ ಎರಡರ ಹೊತ್ತಿಗೆ, ಹೇಳುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು.

"ನೋವು ಬಂದು ಬಂದು ಹೋಗ್ತಿದ್ಯಾ, ಬಿಡದೇ ಇದ್ಯಾ?"

"ಬಿಡ್ತಾನೇ ಇಲ್ಲ ಆಯಮ್ಮ. ಹೊಟ್ಟೆ ಕಲ್ಲಾಗಿದೆ."

ನರ್ಸ್ ಬಾಗಿಲಲ್ಲೇ ನಿಂತು, "ಮೊದಲನೇ ಮಗು ಹೋಗಿತ್ತಲ್ಲ, ಅದಕ್ಕೇ ಹೆದರ್ತಿದಾರೆ. ಡಾಕ್ಟ್ರು ಊಟಕ್ಕೆ ಹೋಗಿದಾರೆ, ಬರ್ತಾರೆ," ಎಂದಳು.

"ಇವಳು ಸುಮ್ಮನೆ ಹೇಳ್ತಿಲ್ಲ ಸಿಸ್ಟರ್. ನೀವು ಫೋನ್ ಮಾಡ್ತೀರೋ, ನಾನೇ ಅವ್ರ ಮನೆಗೆ ಓಡ್ಲೋ?"

ಆಯಮ್ಮ ಹಾಗೆ ದನಿ ಎತ್ತಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲವಂತೆ. ನರ್ಸ್ ಬಂದು ಹೊಟ್ಟೆ ಮುಟ್ಟಿ ನೋಡಿದಳು. ತಕ್ಷಣ ಫೋನಿಗೆ ಓಡಿದಳು. ಡಾಕ್ಟರು ಓಡಿ ಬಂದರು. ಆಪರೇಷನ್ ಕೋಣೆಯ ಬಾಗಿಲಿನವರೆಗೂ ಆಯಮ್ಮ ಸ್ಟ್ರೆಚರ್ ಜೊತೆ ಓಡಿದರು.

"ಮಗು ಬದುಕತ್ತಾ?" ಅಂದೆ.

"ಗೊತ್ತಿಲ್ಲ ಮಾರಾಯ್ತಿ. ನಾನಂತೂ ಇಲ್ಲೇ ಇರ್ತೀನಿ."

ಸುಳ್ಳು ಧೈರ್ಯ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಹೆರಿಗೆಗೆ ಮೊದಲೇ ಮಾಸು ಗರ್ಭಕೋಶದಿಂದ ಬಿಡತೊಡಗಿತ್ತಂತೆ; ಇನ್ನೂ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲವೆಂದು ಡಾಕ್ಟರು ಆಮೇಲೆ ಹೇಳಿದರು. ಮಗಳು ಬದುಕಿದಳು.

ಅವಳಿಗೆ ಒಂದು ವರ್ಷ ತುಂಬಿದ ಮೇಲೆ ಆಯಮ್ಮನ ಹತ್ತಿರ ಹೋಗಿ, ನನಗೂ ನಿಮ್ಮ ಕೆಲಸ ಕಲಿಸಿ ಎಂದೆ. ಅವರು ನಕ್ಕರು. "ಕಲ್ಸೋಕೆ ಏನಿದೆ? ನೋವು ತಿನ್ನೋಳು ಹೇಳಿದ್ದನ್ನ ನಂಬು. ಡಾಕ್ಟ್ರನ್ನ ಕರಿಯೋಕೆ ನಾಚ್ಕೋಬೇಡ. ಅಷ್ಟೇ." ಮುಂದೆ ನಾನು ತರಬೇತಿ ಪಡೆದೆ. ಈಗ ಶಿವಮೊಗ್ಗದಲ್ಲಿ ನನ್ನನ್ನು ಡೌಲಾ ಎನ್ನುತ್ತಾರೆ, ಅಂದರೆ ಹೆರಿಗೆಯಲ್ಲಿ ಜೊತೆಗಿರುವವಳು. ತರಬೇತಿಯಲ್ಲಿ ಉಸಿರಾಟ ಕಲಿಸಿದರು, ಮಗ್ಗುಲು ಬದಲಿಸುವುದನ್ನು ಕಲಿಸಿದರು. ಮಿಕ್ಕಿದ್ದೆಲ್ಲ ಆಯಮ್ಮನದು.

ಕಳೆದ ವರ್ಷ ಅವರಿಗೆ ಎದೆನೋವು ಬಂತು. ಗ್ಯಾಸ್ ಇರಬೇಕೆಂದು ಮೂರು ದಿನ ಯಾರಿಗೂ ಹೇಳಲಿಲ್ಲ. ನಾಲ್ಕನೆಯ ಬೆಳಿಗ್ಗೆ ಡ್ಯೂಟಿಗೆ ಹೊರಟವರು ಹೊಸಿಲಲ್ಲೇ ಕುಸಿದರು. ಸಾವಿನ ಸುದ್ದಿ ಬಂದಾಗ ನಾನು ಆಸ್ಪತ್ರೆಯಲ್ಲಿ ಮಲವಗೊಪ್ಪದ ಹುಡುಗಿಯೊಬ್ಬಳ ಪಕ್ಕ ಕೂತಿದ್ದೆ. ಮಗು ಬರುವವರೆಗೆ ಏಳಲಿಲ್ಲ. ಭದ್ರಾವತಿ ತಲುಪುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು.

ಅವರ ಮಗಳು ನನ್ನನ್ನು ಒಳಗೆ ಕರೆಯಲಿಲ್ಲ. "ಊರೋರ ಹೆರಿಗೆಗೆಲ್ಲ ಅಮ್ಮ ಇದ್ರು. ನಂದಕ್ಕೆ ಬರ್ಲಿಲ್ಲ. ಅಲ್ಲಿ ಯಾವಳೋ ಸೀರಿಯಸ್ಸು, ಬಿಟ್ ಬರೋಕಾಗಲ್ಲ ಅಂದ್ರು. ನನ್ನ ಮಗು ಉಳೀಲಿಲ್ಲ. ಗೊತ್ತಿತ್ತಾ ನಿಮಗೆ?"

ಗೊತ್ತಿರಲಿಲ್ಲ. ಇಷ್ಟು ವರ್ಷ ಆಯಮ್ಮ ಆ ಮಾತನ್ನೇ ಎತ್ತಿರಲಿಲ್ಲ. ಅದು ಯಾವ ದಿನ, ಆ 'ಯಾವಳೋ' ನಾನೇನಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಇವತ್ತಿಗೂ ಕೇಳಿಲ್ಲ.

ಹೋದ ತಿಂಗಳು ಆಯಮ್ಮನ ಮಗಳೇ ಫೋನ್ ಮಾಡಿದಳು. ಮತ್ತೆ ಬಸುರಿ. "ತಪಾಸಣೆಗೆ ಹೋಗ್ಬೇಕು. ಬರ್ತೀರಾ?" ಎಂದಳು. ಹೋದೆ. ಡಾಕ್ಟರು ಬಿಪಿ ನೋಡಿದರು; ಇನ್ನೊಮ್ಮೆ ನೋಡಿದರು. ಜಾಸ್ತಿ ಇದೆ, ಎಚ್ಚರವಾಗಿರಬೇಕು ಎಂದರು. ದಿನ ತುಂಬಲು ಇನ್ನೂ ಎರಡು ತಿಂಗಳಿದೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅವಳಿಗೆ ಫೋನ್ ಮಾಡುತ್ತೇನೆ. ಆ ಕಡೆಯಿಂದ "ಹೇಳಿ ಅಕ್ಕ" ಅನ್ನುವವರೆಗೆ ಉಸಿರು ಬಿಗಿಹಿಡಿದು ನಿಂತಿರುತ್ತೇನೆ.