ವೇದವಲ್ಲಿಯವರ ತುಂಬಿದ ಗ್ಲಾಸು

ಜಪಾನಿನಿಂದ ಸ್ಪೇನಿಗೆ ಊಟ, ವೈನು ಮತ್ತು ಪರಂಪರೆಯ ಪ್ರವಾಸಕ್ಕೆ ಜನರನ್ನು ಕರೆದೊಯ್ಯುವವರ ಪೈಕಿ ನಗೋಯಾದ ಶ್ರೀಮತಿ ವೇದವಲ್ಲಿಯವರ ಸ್ಥಾನ ದೊಡ್ಡದು. ಮೈಸೂರಿನಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದು, 1993ರಲ್ಲಿ ಒಂದು ಸಣ್ಣ ಪ್ರವಾಸ ಸಂಸ್ಥೆಯ ಸ್ಪೇನ್ ವಿಭಾಗವನ್ನು ಸೇರಿದ ಅವರು, ತೊಲೆದೊ ಎಂಬ ಒಂದೇ ಪುರಾತನ ನಗರವನ್ನು ಇಪ್ಪತ್ತೇಳು ವರ್ಷ ಜಪಾನೀಯರಿಗೆ ತೋರಿಸಿದರು. ಮಸೀದಿ, ಯಹೂದಿ ಮಂದಿರ, ಇಗರ್ಜಿ ಮೂರೂ ಒಂದೇ ಗುಡ್ಡದ ಮೇಲೆ ನಿಂತಿರುವ ಆ ಊರಿನ ಪ್ರತಿ ಓಣಿಯನ್ನೂ, ಪ್ರತಿ ಅಡುಗೆಮನೆಯನ್ನೂ ಅವರು ಬಲ್ಲರು. ಅವರ ನಿವೃತ್ತಿಯ ನೆಪದಲ್ಲಿ ನಮ್ಮ ಕನ್ನಡ ಬಳಗ ಹೊರತರುತ್ತಿರುವ ಈ ಸಂಪುಟಕ್ಕೆ ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದು ಸಂಪಾದಕರು ಕೇಳಿದ್ದಾರೆ. ಬರೆಯುತ್ತೇನೆ. ಆದರೆ ಅವರು ಕಳೆದ ವರ್ಷ ನನಗೆ ಕೊಟ್ಟ ಆಘಾತದಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

2014ರಲ್ಲಿ ನಾನು ಅವರ ಸಹಾಯಕಿಯಾಗಿ ಸೇರಿದೆ. ಮೊದಲ ಪ್ರವಾಸದಲ್ಲೇ ತೊಲೆದೊದ ಕಲ್ಲುಹಾಸಿನ ಏರಿನಲ್ಲಿ ನನ್ನ ಚಪ್ಪಲಿ ಕಿತ್ತುಹೋದಾಗ, ತಮ್ಮ ಬೂಟು ಬಿಚ್ಚಿ ನನಗೆ ಕೊಟ್ಟು, ತಾವು ಚೀಲದಲ್ಲಿದ್ದ ಹೋಟೆಲಿನ ರಬ್ಬರ್ ಚಪ್ಪಲಿಯಲ್ಲೇ ಇಡೀ ಕೆಥೆಡ್ರಲ್ ತೋರಿಸಿದ ಮಹಾತಾಯಿ ಅವರು. ನನ್ನ ಮಗಳು ನಿಶಾ ಜ್ವರದಲ್ಲಿ ಮಲಗಿದ್ದಾಗ ಒಂದು ವಾರ ನನ್ನ ಕೆಲಸವನ್ನೂ ಮಾಡಿ, ಮೇಲಿನವರಿಗೆ ಸುಳಿವು ಕೊಡಲಿಲ್ಲ. ಇಂಥವರನ್ನು ನಂಬದೆ ಇನ್ಯಾರನ್ನು ನಂಬುವುದು?

ಅವರ ಕೆಲಸದ ಒಂದು ರೀತಿಯನ್ನು ಇಲ್ಲಿ ಹೇಳಬೇಕು. ಊಟದ ಮೇಜಿನಲ್ಲಿ ಅತಿಥಿಗಳು ಮೊದಲ ಗುಟುಕು ವೈನು ಕುಡಿದೊಡನೆ, ಯಾರ ಬಾಯಿಂದ ಏನು ಮಾತು ಬಂತೆಂಬುದನ್ನು ಪುಟ್ಟ ಪುಸ್ತಕದಲ್ಲಿ ಹೆಸರು, ದಿನಾಂಕ ಸಮೇತ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು. ಮುಂದಿನ ವರ್ಷದ ಅತಿಥಿಗಳಿಗೆ, 'ಹಿಂದೆ ಒಬ್ಬರಿಗೆ ಇದು ಒದ್ದೆ ಕಲ್ಲಿನಂತೆ ಅನಿಸಿತ್ತು' ಎಂದು ಹೇಳುತ್ತಿದ್ದರು. ನಾನದನ್ನು ವಿನಯ ಎಂದುಕೊಂಡಿದ್ದೆ. ಇನ್ನು ಅವರ ಗ್ಲಾಸು. ಜಪಾನಿನಲ್ಲಿ ಯಾರೂ ತಮಗೆ ತಾವೇ ಸುರಿದುಕೊಳ್ಳುವುದಿಲ್ಲ. ಪಕ್ಕದವರ ಗ್ಲಾಸು ಖಾಲಿಯಾದರೆ ತುಂಬುವುದು, ತುಂಬಿದ್ದರೆ ಸುಮ್ಮನಿರುವುದು ಇಲ್ಲಿನ ನಡತೆ. ವೇದವಲ್ಲಿಯವರ ಗ್ಲಾಸು ಯಾವಾಗಲೂ ತುಂಬಿರುತ್ತಿತ್ತು. ಮಾಂಸ ತಿನ್ನುವುದಿಲ್ಲವೆಂದು ಅವರು ಎಲ್ಲರಿಗೂ ಹೇಳಿದ್ದರು. ವೈನಿನ ವಿಷಯ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

2020ರ ಮಾರ್ಚಿನಲ್ಲಿ ಪ್ರವಾಸಗಳೆಲ್ಲ ನಿಂತವು. ವರ್ಷ ಕಳೆಯುವಷ್ಟರಲ್ಲಿ ಸ್ಪೇನ್ ವಿಭಾಗವನ್ನು ಮುಚ್ಚುವ ಮಾತು ಬಂತು. ಕೊನೆಯ ಪ್ರಯತ್ನವೆಂದು, 2021ರ ಫೆಬ್ರವರಿಯ ಒಂದು ಶನಿವಾರ ಜೂಮ್‌ನಲ್ಲಿ ತೊಲೆದೊ ತೋರಿಸುವುದೆಂದು ನಿರ್ಧರಿಸಿದೆವು. ಹಳೆಯ ಅತಿಥಿಗಳ ನಲವತ್ತೆರಡು ಮನೆಗಳಿಗೆ ಅರ್ಧ ಬಾಟಲಿ ಕೆಂಪು ವೈನು, ಕುರಿಹಾಲಿನ ಚೀಸು, ಬಾದಾಮಿ ಮಿಠಾಯಿ ಕೊರಿಯರ್‌ನಲ್ಲಿ ಹೋದವು. ಆ ಶನಿವಾರ ಕೆಟ್ಟರೆ ವಿಭಾಗ ಉಳಿಯುತ್ತಿರಲಿಲ್ಲ. ಅಷ್ಟರಲ್ಲಿ ವೇದವಲ್ಲಿಯವರಿಗೆ ಕೊರೊನಾ ಬಂತು. ಗುಣವಾದರು, ಆದರೆ ಎರಡೇ ದಿನ ಉಳಿದಿರುವಾಗ, ಗುರುವಾರ, ಫೋನು ಮಾಡಿದರು.

"ವಾಸನೆನೇ ಹೋಗ್ಬಿಟ್ಟಿದೆ ಕೋಕಿಲಾ. ಹಿಂಗಿನ ಡಬ್ಬಿ ಮೂಗಿಗೆ ಹಿಡಿದ್ರೂ ಏನೂ ಇಲ್ಲ."

"ಅಯ್ಯೋ ಮೇಡಂ! ಶನಿವಾರ ವೈನ್ ಬಗ್ಗೆ ಹೇಗೆ ಮಾತಾಡ್ತೀರಾ?"

"ಯಾವಾಗ್ಲೂ ಮಾತಾಡೋ ಹಾಗೆ. ನಾನು ಒಂದು ದಿನಾನೂ ಕುಡಿದಿಲ್ವಲ್ಲ."

ಇಪ್ಪತ್ತೇಳು ವರ್ಷ! ಯಾರ ಮಾತು ಕೇಳಿ ನಾನು ವೈನಿನ ಅಆಇಈ ಕಲಿತೆನೋ, ಅವರು ಒಂದು ಹನಿಯನ್ನೂ ನಾಲಿಗೆಗೆ ಸೋಕಿಸಿರಲಿಲ್ಲ. ಕೋಪ ಬಂತು, ಅಳು ಬಂತು, ಮೋಸಹೋದೆ ಅನಿಸಿತು. ಅದಕ್ಕಿಂತ ದೊಡ್ಡ ದಿಗಿಲು ಬೇರೆಯೇ ಇತ್ತು. ಮೇಜಿನ ಗದ್ದಲದಲ್ಲಿ ತುಂಬಿದ ಗ್ಲಾಸು ಮರೆಯಾಗಬಹುದು. ಪರದೆಯ ಮೇಲೆ ನಲವತ್ತೆರಡು ಮನೆಯವರು ನೋಡುವುದು ಅವರೊಬ್ಬರ ಮುಖವನ್ನೇ.

"ದಾಳಿಂಬೆ ಜ್ಯೂಸ್ ಹಾಕ್ಕೊಂಡು ಕುಡಿದ್ಬಿಡಿ ಮೇಡಂ, ಪ್ಲೀಸ್. ಯಾರಿಗೂ ಗೊತ್ತಾಗಲ್ಲ," ಎಂದು ಅಂಗಲಾಚಿದೆ.

"ಬೇಡ ಕಣಮ್ಮ. ಇಷ್ಟು ವರ್ಷ ಸುಮ್ಮನಿದ್ದೆ, ನಿಜ. ಸುಳ್ಳಂತೂ ಹೇಳಿಲ್ಲ. ಈಗ ಶುರು ಮಾಡಲ್ಲ."

ಶನಿವಾರ ಅವರು ನಗರದ ಚಿತ್ರಗಳನ್ನೆಲ್ಲ ತೋರಿಸಿದ ಮೇಲೆ, ಎಲ್ಲರೂ ಬಾಟಲಿ ತೆರೆಯುವ ಹೊತ್ತಿಗೆ, ತಮ್ಮ ತುಂಬಿದ ಗ್ಲಾಸನ್ನು ಕ್ಯಾಮೆರಾದ ಮುಂದಿಟ್ಟು ಜಪಾನಿ ಭಾಷೆಯಲ್ಲಿ ತಾವು ಎಂದೂ ವೈನು ಕುಡಿದವರಲ್ಲವೆಂದು ಹೇಳಿ, ಹಣೆ ಮೇಜಿಗೆ ತಾಗುವಷ್ಟು ಬಾಗಿದರು. ಎಲ್ಲ ಮುಗಿಯಿತು ಎಂದುಕೊಂಡು ನಾನು ಕಣ್ಣು ಮುಚ್ಚಿದೆ.

ಮೊದಲು ಕೇಳಿಸಿದ್ದು ಎಂಬತ್ತನಾಲ್ಕು ವರ್ಷದ ಮೊರಿಟಾ ಸಾನ್, ನಮ್ಮ ಮಾತಿನಲ್ಲಿ ಮೊರಿಟಾ ಅಮ್ಮನವರ ದನಿ. ಹಿಂದಿನ ನವೆಂಬರಿನಲ್ಲಿ, ಯಾರನ್ನೂ ಒಳಬಿಡದ ಆಸ್ಪತ್ರೆಯ ಕೋಣೆಯಲ್ಲಿ ಅವರ ಯಜಮಾನರು ತೀರಿಕೊಂಡಿದ್ದರು.

"ಗೊತ್ತು, ವೇದಾ ಸಾನ್. 1998ರಿಂದ ಗೊತ್ತು. ಎಲ್ಲರೂ ಎದ್ದ ಮೇಲೆ ನಿಮ್ಮ ಗ್ಲಾಸನ್ನು ಖಾಲಿ ಮಾಡುತ್ತಿದ್ದವರು ನಮ್ಮ ಮನೆಯವರೇ."

"ನಮಗೂ ಗೊತ್ತಿತ್ತು," ಎಂದರು ಇನ್ನೊಬ್ಬರು. ಮತ್ತೊಬ್ಬರು ನಕ್ಕು ತಲೆಯಾಡಿಸಿದರು. ಕೇಳಿದರೆ ವೇದಾ ಸಾನ್‌ಗೆ ಮುಜುಗರವಾದೀತೆಂದು, ಇಷ್ಟು ವರ್ಷ ಒಬ್ಬರೂ ತುಟಿ ಬಿಚ್ಚಿರಲಿಲ್ಲ. ಹಾಗಾದರೆ ಗೊತ್ತಿಲ್ಲದವಳು ನಾನೊಬ್ಬಳೇ! ಏಳು ವರ್ಷ ಪಕ್ಕದಲ್ಲೇ ಕುಳಿತ ನನ್ನ ಕಣ್ಣಿಗೆ ಏನಾಗಿತ್ತೋ.

"ಆ ಪುಸ್ತಕ ಅಲ್ಲಿದೆಯೇ?" ಎಂದು ಮೊರಿಟಾ ಸಾನ್ ಕೇಳಿದರು. "ನಮ್ಮ ಮನೆಯವರು ಅವತ್ತು ಏನಂದಿದ್ದರು?"

ವೇದವಲ್ಲಿಯವರು 1998ರ ಪುಸ್ತಕ ತೆಗೆದು, ಹಾಳೆ ಮಗುಚಿ, ತಾವು ಕನ್ನಡದಲ್ಲಿ ಬರೆದುಕೊಂಡದ್ದನ್ನು ಮತ್ತೆ ಜಪಾನಿ ಭಾಷೆಗೆ ತಿರುಗಿಸಿ ಓದಿದರು: 'ಅಪ್ಪನ ಬಡಗಿ ಕೆಲಸದ ಕೋಣೆ. ಕಿಟಕಿ ತೆರೆದಿದೆ. ಈಗಷ್ಟೇ ಮರ ಕೊಯ್ದಿದ್ದಾರೆ.'

ಮೊರಿಟಾ ಸಾನ್ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕುಳಿತರು. ಆಮೇಲೆ ಒಂದು ಗುಟುಕು ಕುಡಿದು, "ಹೌದು, ಮರ," ಎಂದರು. ಅಂದು ಎರಡು ಗಂಟೆಗಳ ಕಾಲ ಅತಿಥಿಗಳು ತಮ್ಮ, ತಮ್ಮವರ ಹಳೆಯ ಮಾತುಗಳನ್ನು ಕೇಳಿ ಕೇಳಿ ಓದಿಸಿಕೊಂಡರು. ಸ್ಪೇನ್ ವಿಭಾಗ ಉಳಿಯಿತು.

ಇದೇ ಮಾರ್ಚಿನ ಕೊನೆಗೆ ನಿವೃತ್ತರಾಗುವಾಗ ಅವರು ಇಷ್ಟು ವರ್ಷ ಬರೆದಿಟ್ಟ ಏಳು ಪುಸ್ತಕಗಳನ್ನೂ ನನ್ನ ಕೈಗಿಟ್ಟರು. ನಾನು ಆತುರದಿಂದ ನನ್ನ ಹೆಸರು ಹುಡುಕಿದೆ. '2014, ಕೋಕಿಲಾ: ಕೆಮ್ಮಿನ ಔಷಧಿ' ಎಂದಿತ್ತು. ಅಷ್ಟೂ ಪುಸ್ತಕಗಳಲ್ಲಿ ಅವರ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ.

ಈ ಲೇಖನವನ್ನು ಮುಗಿಸುತ್ತಿದ್ದಾಗ ಅವರ ಫೋನು ಬಂತು. ಅವರು ಕಿರುಚಿದ ರೀತಿಗೆ ನಾನು ಮತ್ತೊಮ್ಮೆ ಬೆಚ್ಚಿಬಿದ್ದೆ: "ಕೋಕಿಲಾ! ಒಗ್ಗರಣೆ! ವಾಸನೆ ಬಂತು ಕಣೇ!" ಒಂದು ವರ್ಷಕ್ಕೂ ಮಿಕ್ಕಿ ಕಾದಿದ್ದ ಅವರು ಅಳುತ್ತಿದ್ದರು. ನಾನೂ ಅತ್ತೆ.

ವೇದವಲ್ಲಿಯವರು ನೂರು ವರ್ಷ ಬಾಳಲಿ, ತೊಲೆದೊದ ಏರುಗಳನ್ನು ಇನ್ನೂ ಅನೇಕ ಸಲ ಹತ್ತಲಿ, ನಮಗೆ ಬುದ್ಧಿ ಹೇಳುತ್ತಲೇ ಇರಲಿ. ಏಳನೆಯ ಪುಸ್ತಕದಲ್ಲಿ ಖಾಲಿ ಹಾಳೆಗಳು ಸಾಕಷ್ಟಿವೆ. ಅದರಲ್ಲಿ ಈಗಷ್ಟೇ ಬರೆದಿದ್ದೇನೆ, ದಿನಾಂಕ ಹಾಕಿ: 'ವೇದವಲ್ಲಿ: ಹಿಂಗು.'