ಗಂಗಣ್ಣನ ಹಕ್ಕಿಯ ಬಾಲ

ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವಷ್ಟು ಹೊತ್ತಿನಲ್ಲಿ ನನ್ನ ಫೋನಿಗೆ ಹನ್ನೊಂದು ಹಕ್ಕಿಗಳು ಬಂದಿಳಿದಿರುತ್ತವೆ. ಚಂದ್ರಾ ಲೇಔಟಿನ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ, ಹಾಲಿನ ಪಾತ್ರೆಗೂ ಸಕ್ಕರೆ ಡಬ್ಬಿಗೂ ನಡುವೆ ಒರಗಿಸಿಟ್ಟ ಆ ಫೋನು ಬೆಳಗಿನ ಆರೂವರೆಯಿಂದ ಟಣ್ ಟಣ್ ಎನ್ನುತ್ತಲೇ ಇರುತ್ತದೆ. ಒಂದು ಟಣ್ಣಿಗೆ ಮಿಂಚುಳ್ಳಿ, ಇನ್ನೊಂದಕ್ಕೆ ಪಿಕಳಾರ, ಮತ್ತೊಂದಕ್ಕೆ ಅದೇ ಮಿಂಚುಳ್ಳಿ, ಈ ಸಲ ಬಾಯಲ್ಲೊಂದು ಮೀನು. ಹಾಲು ಉಕ್ಕುತ್ತಿದ್ದರೂ ನಾನು ಮೊದಲು ನೋಡುವುದು ಹಕ್ಕಿಯ ಕಣ್ಣನ್ನು. ಕಣ್ಣು ಸ್ಪಷ್ಟವಾಗಿದ್ದರೆ ಚಿತ್ರ ಗೆದ್ದಿತು, ಮಸುಕಾಗಿದ್ದರೆ ಸೋತಿತು ಎಂಬುದು ನಮ್ಮ ಬಳಗದ ಮೊದಲನೆಯ ಸೂತ್ರ. ಉಕ್ಕಿದ ಹಾಲನ್ನು ಆಮೇಲೆ ಒರೆಸಿಕೊಳ್ಳಬಹುದು.

ನಮ್ಮದು ಪಶ್ಚಿಮ ಬೆಂಗಳೂರಿನ ಪಕ್ಷಿಚಿತ್ರ ಹವ್ಯಾಸಿಗಳ ಬಳಗ. ರಾಜಾಜಿನಗರದ ದಂತವೈದ್ಯರು, ವಿಜಯನಗರದ ಡ್ರಾಯಿಂಗ್ ಟೀಚರ್ ಸುಮಿತ್ರಾ, ಕೆಂಗೇರಿ ಕಡೆಯ ಒಂದಷ್ಟು ಎಂಜಿನಿಯರುಗಳು, ಹೀಗೆ ಮೂವತ್ತು ಮಂದಿ ಇದ್ದೇವೆ. ಇದರ ಅಡ್ಮಿನ್ ಬಸವೇಶ್ವರನಗರದ ಪ್ರಸನ್ನ. ಬ್ಯಾಂಕಿನಲ್ಲಿದ್ದವರಾದ್ದರಿಂದ ಕಟ್ಟಳೆಯಿಲ್ಲದ ಬದುಕನ್ನು ಅವರು ಊಹಿಸಿಕೊಳ್ಳಲಾರರು. ಯಾರೇ ಆಗಲಿ, ತಮ್ಮ ಚಿತ್ರ ಹಾಕುವ ಮುನ್ನ ಅದಕ್ಕೆ ಹಿಂದೆ ಬಂದ ಎರಡು ಚಿತ್ರಗಳನ್ನು ಮೆಚ್ಚಬೇಕು, ಅದೂ ಪೂರ್ಣ ವಾಕ್ಯದಲ್ಲಿ ಮೆಚ್ಚಬೇಕು ಎಂಬುದು ಅವರ ಕಟ್ಟಳೆ. ಹೆಬ್ಬೆರಳಿನ ಚಿತ್ರ ಒತ್ತಿ ಜಾರಿಕೊಳ್ಳುವಂತಿಲ್ಲ.

ಸ್ನೇಹಿತರೇ, ಮೆಚ್ಚುಗೆ ಕಡ್ಡಾಯವಾದ ಊರಿನಲ್ಲಿ ಮೆಚ್ಚುಗೆಯ ಗತಿ ಏನಾಗಬಹುದು ನೀವೇ ಯೋಚಿಸಿ. ತಮ್ಮ ಚಿತ್ರ ಹಾಕುವ ತವಕದಲ್ಲಿರುವವರು ಎದುರಿಗೆ ಸಿಕ್ಕಿದ ಎರಡು ಹಕ್ಕಿಗಳನ್ನು ಹೊಗಳಿ ಬಿಸಾಕಿ ಮುಂದೆ ನಡೆಯುತ್ತಾರೆ. ದಂತವೈದ್ಯರಿಗೆ ಪ್ರತಿಯೊಂದು ಹಕ್ಕಿಯಲ್ಲೂ ಕೊಕ್ಕಿನ ರಚನೆಯೇ ಅಮೋಘವಾಗಿ ಕಾಣುತ್ತದೆ. ಹಕ್ಕಿಯೇ ಮಂಜಿನಲ್ಲಿ ಕರಗಿಹೋದಂಥ ಚಿತ್ರಕ್ಕೆ ‘ಹಿನ್ನೆಲೆ ಬಹಳ ಮೃದುವಾಗಿ ಮೂಡಿದೆ’ ಎಂದು ಬರೆದವರಿದ್ದಾರೆ. ಬರೆದವಳು ನಾನೇ ಎಂದು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಇನ್ನು ಸುಮಿತ್ರಾ ನಮ್ಮೆಲ್ಲರ ಚಿತ್ರಗಳನ್ನು ತಮ್ಮ ಟ್ಯಾಬಿಗೆ ಇಳಿಸಿಕೊಂಡು, ಬೆರಳಿನಿಂದ ತೀಡಿ ತಿದ್ದಿ, ಜಲವರ್ಣದ ಕಲಾಕೃತಿಗಳನ್ನಾಗಿ ಮಾಡುತ್ತಾರೆ. ಮಹಾಲಕ್ಷ್ಮಿ ಲೇಔಟಿನ ಕಸದ ಗಾಡಿಯ ಮೇಲೆ ಕೂತಿದ್ದ ಕಾಗೆಗೆ ಹಿಮದ ಪರ್ವತವನ್ನೂ ತಾವರೆಯ ಕೊಳವನ್ನೂ ತೋರಿಸಿದ ಪುಣ್ಯ ಅವರದು. ಆ ಕಾಗೆ ಪರ್ವತದ ಮುಂದೆಯೂ ಅದೇ ಕಸದ ಗಾಡಿಯನ್ನು ಹುಡುಕುವಂತೆ ಕತ್ತು ವಾಲಿಸಿಕೊಂಡಿದೆ.

ಈ ಬಳಗದಲ್ಲಿ ಒರೆಸುವ ಕೆಲಸ ನನ್ನದು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸ್ಟುಡಿಯೋಗಳಿಗೆ ಮದುವೆ ಆಲ್ಬಮ್ ತಿದ್ದಿಕೊಟ್ಟವಳು ನಾನು. ಧಾರೆಯ ಚಿತ್ರದಲ್ಲಿ ಹಿಂದೆ ನಿಂತು ಆಕಳಿಸುವ ಸೋದರಮಾವ, ಫ್ಯಾನಿನ ವೈರು, ವೀಡಿಯೋದವನ ಮೊಣಕೈ, ಇವನ್ನೆಲ್ಲ ಗುರುತೇ ಸಿಗದಂತೆ ಮಾಯಮಾಡುವುದರಲ್ಲಿ ನನ್ನ ಕೈ ಪಳಗಿದೆ. ನಮ್ಮ ಕಡೆಯ ಹಕ್ಕಿಗಳೋ, ಮರವಿದ್ದರೂ ಕೇಬಲ್ಲಿನ ಮೇಲೆ ಕೂರುವ ಜಾತಿಯವು. ಆದ್ದರಿಂದ ದಿನಕ್ಕೆ ಮೂವರಾದರೂ ‘ಮೇಡಂ, ಸ್ವಲ್ಪ ಕ್ಲೀನ್ ಮಾಡ್ಕೊಡಿ’ ಎಂದು ಕಳಿಸುತ್ತಾರೆ. ನಾನು ವೈರು ತೆಗೆಯುತ್ತೇನೆ, ನೀರಿನ ಟ್ಯಾಂಕು ತೆಗೆಯುತ್ತೇನೆ, ಎದುರು ಮನೆಯವರು ಒಣಹಾಕಿದ ಬೆಡ್‌ಶೀಟನ್ನು ಹಸಿರು ಪೊದೆಯಾಗಿಸುತ್ತೇನೆ. ನಮ್ಮ ಚಿತ್ರಗಳನ್ನಷ್ಟೇ ನೋಡಿದವರು ವಿಜಯನಗರವನ್ನು ದಟ್ಟ ಕಾಡೆಂದು ತಿಳಿದು ಟಾರ್ಚು ಹಿಡಿದು ಬಂದರೂ ಆಶ್ಚರ್ಯವಿಲ್ಲ. ಈ ಕಲೆಯ ಬಗ್ಗೆ ನನಗೆ ಸಾಕಷ್ಟು ಜಂಬವಿತ್ತು.

ಗಂಗಣ್ಣ ನಮ್ಮ ಬಳಗದ ಹಿರಿಯರು, ಬ್ಯಾಡರಹಳ್ಳಿಯ ಹಳೆಯ ಒಕ್ಕಲು ಮನೆತನದವರು. ಅವರ ರಾಗಿ ಹೊಲ ಈಗ ಮೂರಂತಸ್ತಿನ ಬಾಡಿಗೆ ಮನೆಗಳಾಗಿ ಎದ್ದು ನಿಂತಿದೆ. ಹಿತ್ತಲಿನಲ್ಲಿ ಒಂದು ಹೊಂಗೆ ಮರ ಉಳಿದಿದೆ. ಎರಡು ಚಳಿಗಾಲದಿಂದ ಅವರು ಬಳಗದಲ್ಲಿ ಒಂದೇ ಮಾತು ಹೇಳುತ್ತಿದ್ದರು: ಆ ಮರಕ್ಕೆ ಬಾಲದಂಡೆ ಹಕ್ಕಿ ಬರುತ್ತದೆ, ಕಂದು ಮೈಯ, ಕಪ್ಪು ಜುಟ್ಟಿನ ಗಂಡು ಹಕ್ಕಿ, ಬಾಲವೇ ಗೇಣುದ್ದ ಇದೆ. ಪ್ರಸನ್ನ ಅವರ ಬಳಿ ನಮ್ಮ ಭಾಗದಲ್ಲಿ ಕಂಡ ಹಕ್ಕಿಗಳದೊಂದು ಪಟ್ಟಿಯಿದೆ, ಅದರಲ್ಲಿ ಗಿಡ್ಡ ಬಾಲದ ಹೆಣ್ಣು ಬಾಲದಂಡೆ ಇತ್ತು, ಉದ್ದ ಬಾಲದ ಗಂಡು ಇರಲಿಲ್ಲ. ಚಿತ್ರವಿಲ್ಲದೆ ಪಟ್ಟಿಗೆ ಸೇರಿಸುವಂತಿಲ್ಲ ಎಂಬುದು ಇನ್ನೊಂದು ಕಟ್ಟಳೆ. ಹಾಗಾಗಿ ದಿನಾ ಬೆಳಿಗ್ಗೆ ಯಾರಾದರೊಬ್ಬರು ‘ಗಂಗಣ್ಣ, ಬಾಲ ಎಲ್ಲಿಗ್ ಬಂತು?’ ಎಂದು ಕಾಲೆಳೆಯುವುದು, ಉಳಿದವರು ನಗುಮುಖ ಅಂಟಿಸುವುದು ವಾಡಿಕೆಯಾಯಿತು. ನಾನೂ ಅಂಟಿಸಿದ್ದೇನೆ. ನಮಗೆ ಅದು ತಮಾಷೆ. ಹುಟ್ಟಿದಾಗಿನಿಂದ ತಾವು ಹೇಳಿದ್ದನ್ನು ಊರು ನಂಬುತ್ತಿದ್ದುದನ್ನೇ ಕಂಡ ಆ ಮನುಷ್ಯನಿಗೆ ಹಾಗಿರಲಿಲ್ಲವೆಂದು ಆಮೇಲೆ ತಿಳಿಯಿತು. ಅಲ್ಲಿಯವರೆಗೆ ಬರಿಗಣ್ಣಿನಲ್ಲೇ ಹಕ್ಕಿ ನೋಡುತ್ತಿದ್ದ ಅವರು ಹಳೆಯ ಕ್ಯಾಮೆರಾ ಒಂದನ್ನು ಕೊಂಡು, ಮೂರನೆಯ ಚಳಿಗಾಲವಿಡೀ ಬೆಳಿಗ್ಗೆ ಹಿತ್ತಲಿನಲ್ಲಿ ಸ್ಟೂಲು ಹಾಕಿಕೊಂಡು ಕೂತರು.

ಒಂದು ದಿನ ನನಗೆ ಅವರಿಂದ ಚಿತ್ರ ಬಂತು, ಜೊತೆಗೆ ಉಸಿರು ಬಿಗಿಹಿಡಿದ ದನಿಯಲ್ಲಿ ಒಂದು ಸಂದೇಶ: “ಮೇಡಂ, ಬಂದೈತೆ ನೋಡಿ. ವೈರು ಗೀರು ಎಲ್ಲಾ ಬಂದ್ಬಿಟ್ಟೈತೆ, ಸ್ವಲ್ಪ ಕ್ಲೀನ್ ಮಾಡ್ಕೊಡಿ. ಆಮೇಲೆ ಗ್ರೂಪಿಗ್ ಹಾಕ್ತೀನಿ.”

ಚಿತ್ರದಲ್ಲಿ ಹೊಂಗೆಯ ಕೊಂಬೆಯ ಮೇಲೆ ಸಣ್ಣಗೆ ಕಾಣುವ ಕಂದು ಹಕ್ಕಿ, ಹಿಂದೆ ಮೂರು ಕೇಬಲ್ಲು, ಒಂದು ನೀಲಿ ಡ್ರಮ್ಮು, ಹರಿದ ಗಾಳಿಪಟ. ಹಕ್ಕಿಯ ಹಿಂಭಾಗ ಎಲೆಗೊಂಚಲಿನ ಮರೆಗೆ ಸರಿದಿತ್ತು. ಬಾಲ ಕಾಣಲಿಲ್ಲ. ಪಾಪ, ಇದಕ್ಕಾಗಿ ಇಷ್ಟು ದಿನ ಕಾದರಲ್ಲ ಎಂದು ಮರುಗಿದೆ, ಆದರೆ ಅವರಿಗೆ ಹೇಳುವ ಮನಸ್ಸಾಗದೆ ಸುಮ್ಮನೆ ಕೆಲಸಕ್ಕೆ ಕೂತೆ. ಕೇಬಲ್ಲು ಹೋಯಿತು, ಡ್ರಮ್ಮು ಹೋಯಿತು, ಪಟ ಹೋಯಿತು. ಎಲೆಗೊಂಚಲಿನ ಕೆಳಗೆ ಎರಡೆಳೆ ಕಂದು ದಾರದಂಥದ್ದು ಜೋಲಾಡುತ್ತಿತ್ತು. ಹೂ ಕಟ್ಟುವ ಬಾಳೆನಾರು ಅಂದುಕೊಂಡೆ. ಪೂಜೆಯ ಹಳೆಯ ಹೂವನ್ನು ಮರದ ಬುಡಕ್ಕೆ ಹಾಕುವುದು, ಅದರ ನಾರನ್ನು ಕಾಗೆಯೋ ಅಳಿಲೋ ಗೂಡಿಗೆಂದು ಮೇಲಕ್ಕೆ ಎಳೆದೊಯ್ಯುವುದು ನಮ್ಮ ಬೀದಿಗಳಲ್ಲಿ ದಿನನಿತ್ಯದ ನೋಟ. ಅದನ್ನೂ ಒರೆಸಿ, ಅಲ್ಲಿ ನಾಲ್ಕು ಹಸಿರೆಲೆ ಕೂರಿಸಿ ಕಳಿಸಿಕೊಟ್ಟೆ.

ಗಂಗಣ್ಣ ಅದನ್ನು ಬಳಗಕ್ಕೆ ಹಾಕಿದರು. ದಂತವೈದ್ಯರು ಕೊಕ್ಕನ್ನು ಕೊಂಡಾಡಿದರು, ಸುಮಿತ್ರಾ ಹಸಿರಿನ ಛಾಯೆಗಳನ್ನು ಕೊಂಡಾಡಿದರು. ಪ್ರಸನ್ನ ಬರೆದರು: “ಒಳ್ಳೇ ಪ್ರಯತ್ನ ಗಂಗಣ್ಣ. ಆದ್ರೆ ಇದು ಹೆಣ್ಣು, ಪಟ್ಟೀಲಿ ಆಗ್ಲೇ ಇದೆ. ಉದ್ದ ಬಾಲ ಕನಸಲ್ಲಿ ಬಂದಿರ್ಬೇಕು.” ಕೆಳಗೆ ನಗುಮುಖಗಳ ಸಾಲು. ಅದಕ್ಕೆ ಗಂಗಣ್ಣ “ಇರಬಹುದು ಸಾರ್” ಎಂದಷ್ಟೇ ಬರೆದರು. ಮಾರನೆಯ ದಿನ ಅವರು ಬಳಗವನ್ನು ಬಿಟ್ಟುಹೋದರೆಂಬ ಸಣ್ಣ ಅಕ್ಷರದ ಒಂದು ಸಾಲು, ಎರಡು ಮಿಂಚುಳ್ಳಿಗಳ ನಡುವೆ ಕಾಣಿಸಿತು. ಅದರ ಮೇಲೆ ಯಾರೂ ಏನೂ ಬರೆಯಲಿಲ್ಲ.

ಮೂಲಚಿತ್ರಗಳನ್ನು ನಾನು ಬಿಸಾಡುವುದಿಲ್ಲ. ಅಳಿಸಿಹಾಕಿದ ಸೋದರಮಾವನನ್ನು ವರ್ಷ ಕಳೆದ ಮೇಲೆ ವಾಪಸ್ ಕೇಳಿಕೊಂಡು ಬಂದವರಿದ್ದಾರೆ, ಅದರಿಂದ ಬಂದ ಅಭ್ಯಾಸ ಅದು. ನಾಲ್ಕು ದಿನದ ನಂತರ ಇನ್ನೇನನ್ನೋ ಹುಡುಕುತ್ತಿದ್ದಾಗ ಗಂಗಣ್ಣನ ಮೂಲಚಿತ್ರ ಎದುರಾಯಿತು. ದೊಡ್ಡದು ಮಾಡಿ ನೋಡಿದೆ. ಬಾಳೆನಾರಿನ ಎರಡು ಎಳೆ ಸರಿಸಮ ಉದ್ದವಿರುವುದಿಲ್ಲ, ಎರಡೂ ಒಂದೇ ಬಾಗಿನಲ್ಲಿ ಬಾಗುವುದಿಲ್ಲ. ಆ ಬಾಗನ್ನು ಎಲೆಗಳ ಹಿಂದಿನಿಂದ ಮೇಲಕ್ಕೆ ಬೆರಳಿನಲ್ಲಿ ಎಳೆದುಕೊಂಡು ಹೋದರೆ ಅದು ನೇರವಾಗಿ ಹಕ್ಕಿಯ ಬೆನ್ನಿಗೆ ಸೇರುತ್ತಿತ್ತು. ಎರಡು ಚಳಿಗಾಲ ಆ ಮನುಷ್ಯ ಹೇಳುತ್ತಿದ್ದ ಬಾಲವನ್ನು ನಾನು ಕಾಲು ಗಂಟೆಯಲ್ಲಿ ಗುಡಿಸಿ ಎಸೆದಿದ್ದೆ. ನನಗೆ ಬಹಳ ನಾಚಿಕೆಯಾಯಿತು.

ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಬಸ್ಸು ಹಿಡಿದು ಬ್ಯಾಡರಹಳ್ಳಿಗೆ ಹೋದೆ. ಗಂಗಣ್ಣ ಬಾಗಿಲಲ್ಲೇ ನಕ್ಕು, “ಬನ್ನಿ ಮೇಡಂ, ಕೂತ್ಕೊಳಿ” ಎಂದು ಕುರ್ಚಿ ಎಳೆದರು. ಯಾಕೆ ಬಿಟ್ಟುಹೋದಿರಿ, ನಮ್ಮ ಮೇಲೆ ಕೋಪವಾ ಎಂದು ಕೇಳಿದೆ.

“ಕೋಪ ಯಾಕ್ ಮೇಡಂ,” ಎಂದರು. “ಕಣ್ಣಿಗೆ ಪೊರೆ ಬಂದೈತೆ ಅಂತ ಡಾಕ್ಟ್ರು ಹೇಳಿದ್ರು. ನಾನು ಬಾಲ ನೋಡಿದ್ದು ನಿಜ ಅಂತಿದ್ದೆ. ನೀವು ಕ್ಲೀನ್ ಮಾಡಿದ್ಮೇಲೆ ನೋಡಿದ್ರೆ ಅದ್ರಲ್ಲಿ ಇಲ್ವೇ ಇಲ್ಲ. ಮೊದಲಿನ ಫೋಟೋ ನೋಡೋಣ ಅಂದ್ರೆ ಕಾರ್ಡೂ ಫೋನೂ ತುಂಬಿತ್ತು ಅಂತ ಎರಡರಲ್ಲೂ ಅಳಿಸ್ಬಿಟ್ಟಿದ್ದೆ. ಮಿಷಿನ್ನು ಸುಳ್ಳು ಹೇಳುತ್ತಾ? ಇಲ್ದಿದ್ದನ್ನ ನೋಡಿ ಎರಡು ವರ್ಷ ಎಲ್ಲರ ಹತ್ರ ವಾದ ಮಾಡ್ಬಿಟ್ನಲ್ಲ ಅನ್ನಿಸ್ತು.”

ಅವರು ನಮ್ಮನ್ನು ದೂರಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ನಮ್ಮನ್ನು ನಂಬಿ ತಮ್ಮ ಕಣ್ಣನ್ನೇ ಬಿಟ್ಟುಕೊಟ್ಟಿದ್ದರು. ಮೂಲಚಿತ್ರವನ್ನು ತೆರೆದು, ಆ ಎರಡೆಳೆಯನ್ನು ದೊಡ್ಡದು ಮಾಡಿ, ಫೋನನ್ನು ಅವರ ಕೈಗಿಟ್ಟೆ. ಕನ್ನಡಕ ಹುಡುಕಿ ತಂದು, ಅದನ್ನು ಹಣೆಗೆ ಏರಿಸಿ, ಮತ್ತೆ ಇಳಿಸಿ ನೋಡಿದರು.

“ನಾನೇ ಅಳಿಸಿದ್ದು ಗಂಗಣ್ಣ,” ಎಂದೆ. “ಬಾಳೆನಾರು ಅನ್ಕೊಂಡೆ. ತಪ್ಪಾಯ್ತು.”

“ಬಾಳೆನಾರು,” ಎಂದು ಅವರು ಒಮ್ಮೆ ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಒಳಗೆ ತಿರುಗಿ ಹೆಂಡತಿಯನ್ನು ಕರೆದರು. “ಲೇ, ಬಾ ಇಲ್ಲಿ. ನಂದೇನೂ ಕಣ್ಣು ಹೋಗಿಲ್ಲ ಕಣೇ.”

ಅಲ್ಲೇ ಕೂತು ಆ ಚಿತ್ರವನ್ನು ಕೇಬಲ್ಲು, ಡ್ರಮ್ಮು, ಪಟ ಎಲ್ಲ ಇದ್ದ ಹಾಗೆಯೇ ಬಳಗಕ್ಕೆ ಹಾಕಿ, ಏನು ನಡೆಯಿತೆಂದು ಬರೆದೆ. ಅರ್ಧ ಗಂಟೆಯ ಬಳಿಕ ಪ್ರಸನ್ನ ಗಂಗಣ್ಣನಿಗೆ ಫೋನು ಮಾಡಿ ಕ್ಷಮೆ ಕೇಳಿ, ಅವರನ್ನು ಬಳಗಕ್ಕೆ ವಾಪಸ್ ಕರೆತಂದು, ಹಕ್ಕಿಯನ್ನು ಪಟ್ಟಿಗೆ ಸೇರಿಸಿದರು. ದಂತವೈದ್ಯರು ಮಾತ್ರ ಎಂದಿನಂತೆ ಕೊಕ್ಕನ್ನು ಹೊಗಳಿದರು.

ಮನೆಗೆ ಬರುವಾಗ ಬಸ್ಸಿನಲ್ಲಿ ಯೋಚಿಸುತ್ತಿದ್ದೆ. ದಿನಕ್ಕೆ ಹನ್ನೊಂದು ಹಕ್ಕಿ ನೋಡುತ್ತೇವೆಂದು ಬೀಗುವ ನಾವು ನೋಡುವುದು ಎಷ್ಟು, ನೋಡುವ ಮೊದಲೇ ತೀರ್ಮಾನಿಸಿ ಒರೆಸುವುದು ಎಷ್ಟು. ಅಷ್ಟು ಜನ ಆ ಚಿತ್ರವನ್ನು ಮೆಚ್ಚಿ ವಾಕ್ಯ ಬರೆದರಲ್ಲ, ಎಲೆಗೊಂಚಲಿನ ಮರೆಗೆ ಹೋದ ಹಕ್ಕಿಯ ಹಿಂಭಾಗ ಎಲ್ಲಿ ಎಂದು ಒಬ್ಬರಾದರೂ ಕೇಳಬಹುದಿತ್ತು. ಇಷ್ಟೆಲ್ಲ ದೊಡ್ಡ ಮಾತು ಯೋಚಿಸಿದ ನಾನು ಬದಲಾಗಿರಬೇಕೆಂದು ನೀವು ತಿಳಿದರೆ ನನ್ನನ್ನು ನೀವಿನ್ನೂ ಅರಿತಿಲ್ಲ. ಕೈಗೆ ಅಂಟಿದ ಚಟ ಒಂದು ಬಸ್ ಪ್ರಯಾಣದಲ್ಲಿ ಬಿಡುವುದಿಲ್ಲ.

ವಾರ ಕಳೆದ ಮೇಲೆ ನಾನು ಒಂದು ಸೂರಕ್ಕಿಯ ಚಿತ್ರ ಹಾಕಿದೆ. ದಾಸವಾಳದ ರೆಂಬೆ, ನೇರಳೆ ಮಿನುಗು, ಹಿಂದೆ ಒಂದು ಕಲೆಯೂ ಇಲ್ಲದ ಅಚ್ಚ ಹಸಿರು. ಹೊಗಳಿಕೆಗಳು ಸಾಲುಸಾಲಾಗಿ ಬಂದವು. ಅವುಗಳ ಕೆಳಗೆ ಗಂಗಣ್ಣ ಬರೆದಿದ್ದರು: “ಹಕ್ಕಿ ಚೆನ್ನಾಗೈತೆ ಮೇಡಂ. ಹಿಂದ್ಗಡೆ ಏನಿತ್ತು?”

ನಕ್ಕೆ. ಉತ್ತರ ಬರೆಯಲು ಹೊರಟರೆ ನೆನಪಾಗಲಿಲ್ಲ. ಮೂಲಚಿತ್ರವನ್ನು ತೆರೆದು ನೋಡಿದೆ. ರಸ್ತೆಯಲ್ಲಿ ನಿಂತು, ನಮ್ಮ ಗೇಟಿನ ಪಕ್ಕದ ದಾಸವಾಳಕ್ಕೆ ಕ್ಯಾಮೆರಾ ಹಿಡಿದು ತೆಗೆದ ಚಿತ್ರ ಅದು. ಹಿಂದೆ ನಮ್ಮ ಹಳದಿ ಗೋಡೆಯಿತ್ತು, ಮೆಟ್ಟಿಲಿತ್ತು, ಮೆಟ್ಟಿಲ ಮೇಲೆ ಪೇಪರು ಮಡಿಚಿ ಹಿಡಿದು ನನ್ನ ಕಡೆಗೇ ನೋಡುತ್ತ ಕೂತ ನನ್ನ ಗಂಡ ಇದ್ದರು.

“ನಮ್ಮನೆ ಇತ್ತು ಗಂಗಣ್ಣ,” ಎಂದು ಬರೆದೆ. “ನಮ್ಮ ಯಜಮಾನ್ರೂ ಇದ್ರು.”