ಖಾಲಿ ಬಿಟ್ಟ ನಾಲ್ಕನೆಯ ಸಾಲು

ಸುಳ್ಳು ಬರೆದವನು ನಾನು. ಮೂಡಲಗಿ ಕಡೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ಪಂಪ್‌ಸೆಟ್ಟಿನ ಮೋಟಾರು ಕಟ್ಟುವುದನ್ನು ಕಲಿಸುವ ಒಂದು ವರ್ಷದ ಕೋರ್ಸಿತ್ತು. ಅದು ಬಂದ್ ಆಗಿದ್ದು ಕಲಿಯುವವರು ಬರಲಿಲ್ಲವೆಂದಲ್ಲ, ಸರ್ಕಾರ ಕೈ ಎತ್ತಿತೆಂದೂ ಅಲ್ಲ. ನಾನು ಬರೆದ ಎರಡು ಹಾಳೆಯ ವರದಿಯಿಂದ. ಕಾಲೇಜಿನ ಹೆಸರು ಇಲ್ಲಿ ಬರೆಯುವುದಿಲ್ಲ, ತಪ್ಪು ಅದರದಲ್ಲ. ಆ ಕೋರ್ಸಿಗೆ ಇದ್ದವನು ನಾನೊಬ್ಬನೇ ಮಾಸ್ತರ.

ಮೋಟಾರು ಕಟ್ಟುವುದೆಂದರೆ, ಸುಟ್ಟ ಮೋಟಾರನ್ನು ಬಿಚ್ಚಿ, ಒಳಗಿನ ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೂರಿಸುವುದು. ಕಬ್ಬಿಗೆ ನೀರು ಬೇಕಾದ ಹೊತ್ತಿಗೇ ಮೋಟಾರು ಸುಡುತ್ತದೆ, ಯಾವತ್ತೂ ಹಾಗೇ. ಆಗೆಲ್ಲ ಗೋಕಾಕಕ್ಕೆ ಹೊತ್ತೊಯ್ದು, ಅಂಗಡಿಯವ ಇವತ್ತು ನಾಳೆ ಎನ್ನುವಷ್ಟರಲ್ಲಿ ಬೆಳೆ ಬಾಡಿರುತ್ತಿತ್ತು. ಅದಕ್ಕೇ ಸರ್ಕಾರ ಈ ಕೋರ್ಸು ಕೊಟ್ಟಿತ್ತು. ಫೀ ಇಲ್ಲ. ಹತ್ತನೆಯ ತರಗತಿ ಮುಗಿಸಿದ ಯಾರಾದರೂ ಬರಬಹುದು, ಗಂಡಾಗಲಿ ಹೆಣ್ಣಾಗಲಿ.

ನಾನೂ ಅಂಥದ್ದೇ ಕಾಲೇಜಿನಲ್ಲಿ ಪುಕ್ಕಟೆ ಕಲಿತವನು—ಇದನ್ನು ಹೇಳುವಾಗ ಈಗಲೂ ಮೈ ಬಿಸಿಯಾಗುತ್ತದೆ. ನಾಚಿಕೆಗೆ.

ಯಾಕೆ ಮಾಡಿದೆ? ನನ್ನ ಮನೆ ಹುಕ್ಕೇರಿ. ಬೆಳಿಗ್ಗೆ ಗೋಕಾಕಕ್ಕೊಂದು ಬಸ್ಸು, ಅಲ್ಲಿಂದ ಮೂಡಲಗಿಗೆ ಇನ್ನೊಂದು, ಸಂಜೆ ಮತ್ತೆ ಅದೇ ಎರಡು. ಹನ್ನೊಂದು ವರ್ಷ ತಿರುಗಿ ಸೊಂಟ ಹೋಗಿತ್ತು, ಬಾಯಿ ಮೊದಲೇ ಹೋಗಿತ್ತು. ಕಂಡಕ್ಟರುಗಳ ಜೊತೆ ನಾನು ಆಡದ ಜಗಳವಿಲ್ಲ. ಹುಕ್ಕೇರಿಯಲ್ಲಿ ಒಂದು ಜಾಗ ಖಾಲಿಯಾಯಿತು. ಅಲ್ಲಿಗೆ ವರ್ಗ ಕೇಳಿಕೊಂಡು ಪ್ರಿನ್ಸಿಪಾಲರ ಮುಂದೆ ಹೋಗಿ ನಿಂತೆ. "ಕೋರ್ಸ್ ನಡಿಯು ತನಕ ನಿಮ್ಮನ್ನ ಬಿಡಾಕ ಬರೂದಿಲ್ರಿ" ಎಂದರು. ಅವರು ಅಂದದ್ದು ಅಷ್ಟೇ. ಉಳಿದದ್ದನ್ನು ನನ್ನ ತಲೆಯೇ ಮುಂದುವರಿಸಿತು.

ಆ ವರ್ಷವೇ ಇಲಾಖೆಯಿಂದ ಒಂದು ಫಾರ್ಮು ಬಂತು. ಕೋರ್ಸು ಕಲಿತವರ ಮನೆಗೆ ಹೋಗಿ, ಅವರೀಗ ಏನು ಮಾಡುತ್ತಿದ್ದಾರೆಂದು ಕೇಳಿ ಬರೆಯಬೇಕು. ಪ್ರತಿಯೊಬ್ಬರ ಹೆಸರಿನ ಕೆಳಗೆ ನಾಲ್ಕು ಸಾಲು. ಸರ್ಕಾರಿ ನೌಕರಿ. ಕಂಪನಿ ನೌಕರಿ. ಉದ್ಯೋಗವಿಲ್ಲ. ನಾಲ್ಕನೆಯದು—ಇತರೆ, ವಿವರ ಬರೆಯಿರಿ.

ಮೊದಲು ಮೇಲವಂಕಿಗೆ ಹೋದೆ, ಮಹಾದೇವಿಯ ಮನೆಗೆ. ನನ್ನ ಕೈಯಲ್ಲಿ ಕಲಿತವರಲ್ಲಿ ಅವಳಷ್ಟು ಚುರುಕು ಕೈ ಇನ್ನೊಂದಿರಲಿಲ್ಲ. ಅವಳ ಅತ್ತೆ ಕಂಬಳಿ ಹಾಸಿ ಕೂರಿಸಿ ಚಹಾ ಕೊಟ್ಟಳು. ಸೊಸೆ ಏನು ಮಾಡುತ್ತಾಳೆಂದು ಕೇಳಿದೆ.

"ಆಕಿ ಏನ್ ಮಾಡ್ತಾಳ್ರಿ? ಮನ್ಯಾಗ ಇರ್ತಾಳ. ಸೊಸಿ ದುಡದು ತಂದ್ ಹಾಕು ಗತಿ ನಮಗಿನ್ನೂ ಬಂದಿಲ್ಲ ಬಿಡ್ರಿ."

ನಮ್ಮ ಕಡೆ ಎಲ್ಲ ಮನೆಯಲ್ಲೂ ಇದೇ ಮಾತು. ಹೊರಗಿನವರ ಮುಂದೆ ಸೊಸೆ ದುಡಿಯುತ್ತಾಳೆ ಎನ್ನುವುದು ಮಾನಕ್ಕೆ ಕಡಿಮೆ. ಅದು ನನಗೆ ಗೊತ್ತಿರಲಿಲ್ಲವೇ? ಅತ್ತೆ ಇಷ್ಟು ಹೇಳುವಾಗಲೇ ನನಗೆ ಎದುರಾಗಿ, ದನದ ಕೊಟ್ಟಿಗೆಯಲ್ಲಿ, ಮಹಾದೇವಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಿದ್ದಳು—ಮೊಣಕಾಲ ನಡುವೆ ಮೋಟಾರು, ಹಲ್ಲಲ್ಲಿ ತಂತಿಯ ತುದಿ. ಕಟ್ಟೆಯ ಮೇಲೆ ಇಬ್ಬರು ರೈತರು ಕಾಯುತ್ತಿದ್ದರು. ಇನ್ನೂ ಮೂರು ಮೋಟಾರು ಸಾಲಿನಲ್ಲಿದ್ದವು. ಅವಳು ನನ್ನ ಕಡೆ ನೋಡಿ, ಬಾಯಲ್ಲಿ ತಂತಿ ಇದ್ದುದರಿಂದ ಮಾತಾಡಲಾಗದೆ, ನಕ್ಕಳು. ಆ ನಗುವಿನಲ್ಲಿ ಒಂದು ಜಂಬವಿತ್ತು. ನನಗೆ ತೋರಿಸಬೇಕೆಂದೇ ನಕ್ಕಿದ್ದಳು.

ನಾನೂ ನಕ್ಕೆ. ನಕ್ಕು, ತೊಡೆಯ ಮೇಲೆ ಫಾರ್ಮು ಇಟ್ಟುಕೊಂಡು, ಉದ್ಯೋಗವಿಲ್ಲ ಎಂದು ಬರೆದೆ.

ಅತ್ತೆ ಹೇಳಿದ್ದನ್ನೇ ಬರೆದೆ ಎಂದು ಆಮೇಲೆ ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ! ಅತ್ತೆ ಅಂದದ್ದು ಮಾನಕ್ಕಾಗಿ. ನಾನು ಬರೆದದ್ದು—

ಉಳಿದವರ ಮನೆಗೆ ಹೋಗಲೇ ಇಲ್ಲ. ಧುಪದಾಳದಲ್ಲಿ ಇಳಿದು, ಒಡ್ಡಿನ ಹತ್ತಿರ ಮರದ ನೆರಳಲ್ಲಿ ಕೂತು, ಮಿರ್ಚಿ ಭಜಿ ತಿನ್ನುತ್ತ ಎಲ್ಲ ಹೆಸರುಗಳ ಕೆಳಗೂ ಅದೇ ಒಂದು ಪದ ತುಂಬಿದೆ. ನಾಲ್ಕನೆಯ ಸಾಲು ಉದ್ದಕ್ಕೂ ಖಾಲಿ. ಕೊನೆಗೆ, ಕಲಿತವರಿಗೆ ಕೆಲಸವಿಲ್ಲ, ಹೊಸದಾಗಿ ಕಲಿಯಲು ಬರುವವರೂ ಇಲ್ಲ, ಕೋರ್ಸು ಬಂದ್ ಮಾಡಬಹುದು ಎಂದು ಸೇರಿಸಿದೆ. ಹಾಳೆಗೆ ಎಣ್ಣೆ ತಾಗಿತೆಂದು ಒರೆಸಿದ್ದು ನೆನಪಿದೆ. ಬಸವ ಜಯಂತಿ ಬಂದರೆ ಕಾಯಕದ ಮೇಲೆ ಅರ್ಧ ತಾಸು ಭಾಷಣ ಬಿಗಿಯುವ ಮನುಷ್ಯ ನಾನು! ಕಣ್ಣೆದುರು ನಡೆಯುತ್ತಿದ್ದ ಕಾಯಕವನ್ನು ಇಲ್ಲವೆಂದು ಬರೆದು, ಕೈ ತೊಳೆದು, ಬಸ್ಸು ಹತ್ತಿದೆ.

ಇಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ನಿಲ್ಲಲಿಲ್ಲ.

ಜೂನ್ ತಿಂಗಳಲ್ಲಿ, ಬಂದ್ ಮಾಡುವ ಆದೇಶ ಇನ್ನೂ ಬಂದಿರದಾಗ, ಮಹಾದೇವಿಯ ತಂಗಿ ರೇಣುಕಾ ಪ್ರವೇಶ ಕೇಳಿಕೊಂಡು ಬಂದಳು. ಎಣ್ಣೆ ಹಚ್ಚಿ ಬಿಗಿದ ಜಡೆ, ಪ್ಲಾಸ್ಟಿಕ್ ಚೀಲದಲ್ಲಿ ಅಂಕಪಟ್ಟಿ, ಫೋಟೋ. "ಅಕ್ಕನ ಗತೆ ನಾನೂ ಕಲೀತೇನ್ರಿ ಸರ್. ಆಮ್ಯಾಲ ಇಬ್ಬರೂ ಕೂಡಿ ಗೋಕಾಕದಾಗ ಅಂಗಡಿ ಹಾಕ್ತೇವ್ರಿ" ಎಂದಳು. ಅವಳನ್ನು ಸೇರಿಸಿಕೊಂಡರೆ ನನ್ನ ವರದಿ ಸುಳ್ಳಾಗುತ್ತಿತ್ತು. ಕೋರ್ಸು ಉಳಿದುಬಿಡುತ್ತಿತ್ತು. ಮತ್ತೆ ಆ ಎರಡು ಬಸ್ಸು—

"ಈ ವರ್ಷ ಇಲ್ಲವ್ವಾ. ಮುಂದಿನ ವರ್ಷ ಬಾ" ಎಂದೆ. ಅವಳು ನಂಬಿದಳು. ಮಾಸ್ತರ ಹೇಳಿದ ಮೇಲೆ ನಂಬದೆ ಏನು ಮಾಡಿಯಾಳು? ಕಾಗದಗಳನ್ನು ಚೀಲಕ್ಕೆ ಸೇರಿಸಿ, ನಮಸ್ಕಾರ ಮಾಡಿ ಹೋದಳು. ಮುಂದಿನ ವರ್ಷ ಕೋರ್ಸೂ ಇರಲಿಲ್ಲ, ನಾನೂ ಇರಲಿಲ್ಲ. ಹುಕ್ಕೇರಿಯ ಆದೇಶ ಬಂದ ದಿನ ಗೋಕಾಕದಿಂದ ಕರದಂಟು ಒಯ್ದು ಓಣಿಗೆಲ್ಲ ಹಂಚಿದ್ದೆ.

ಏಳು ವರ್ಷವಾಯಿತು. ನಿವೃತ್ತನಾದೆ. ಹೋದ ತಿಂಗಳು ಹತ್ತರಗಿಯಲ್ಲಿ, ಹೆದ್ದಾರಿ ಬಾಜೂ ಇರುವ ಒಂದು ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ಎದ್ದು ಬಂದಳು. ನಾನು ಗುರುತಿಸಲಿಲ್ಲ. ಅವಳು ಗುರುತಿಸಿದಳು.

"ಸರ್, ಆ ಕೋರ್ಸ್ ಯಾಕ ಬಂದ್ ಆತ್ರಿ?"

ಏಳು ವರ್ಷದ ನಂತರ ಸಿಕ್ಕಿದರೆ ಜನ ಆರಾಮ ಅದೀರೇನ್ರಿ ಎಂದು ಕೇಳುತ್ತಾರೆ. ಇವಳು ಮೊದಲು ಕೇಳಿದ್ದೇ ಇದು. ನನ್ನ ನಾಲಿಗೆ—ಹಾಳಾದ ನಾಲಿಗೆ—ತಡವರಿಸಲೂ ಇಲ್ಲ.

"ಯಾರೂ ಬರಲಿಲ್ಲವ್ವಾ, ಏನ್ ಮಾಡೂದು."

ಅವಳು ನನ್ನನ್ನೇ ನೋಡಿದಳು. ಸಿಟ್ಟಿಲ್ಲ, ಅಳುವಿಲ್ಲ.

"ನಾ ಬಂದಿದ್ನಲ್ರಿ ಸರ್."

ಆಗ ಗುರುತು ಸಿಕ್ಕಿತು, ರೇಣುಕಾ. ಎಲೆಯಲ್ಲಿದ್ದ ರೊಟ್ಟಿ ಅವಳೇ ಬಡಿದದ್ದು. ಅರ್ಧಕ್ಕೇ ಎದ್ದು ಬಂದೆ.

ಮರುದಿನದಿಂದ ಶುರು ಮಾಡಿದೆ. ನನ್ನ ಹತ್ತಿರವೇ ಉಳಿದಿದ್ದ ಹಳೆಯ ಹಾಜರಿ ಪುಸ್ತಕ ನೋಡಿ ಹೆಸರು ಬರೆದುಕೊಂಡು, ಬೈದುಕೊಂಡು ತಿರುಗಿದ್ದ ಆ ಬಸ್ಸುಗಳನ್ನೇ ಹತ್ತಿದೆ. ಈ ಸಲ ಮನೆಯ ಬಾಗಿಲಿಗೆ ಹೋಗಿ ನಿಮ್ಮ ಮಗ ಏನು ಮಾಡುತ್ತಾನೆ, ಸೊಸೆ ಏನು ಮಾಡುತ್ತಾಳೆ ಎಂದು ಕೇಳಲಿಲ್ಲ. ಮೊದಲು ಹೊಲಕ್ಕೆ ಹೋದೆ. ಕಬ್ಬಿಗೆ ನೀರು ಹಾಯಿಸುವವರನ್ನು ಒಂದೇ ಮಾತು ಕೇಳಿದೆ—"ಮೋಟಾರ ಸುಟ್ಟರ ಯಾರ ಕಡೆ ಒಯ್ತೀರಿ?"

ಹೆಸರುಗಳು ತಾವಾಗಿ ಬಂದವು. ಎಲ್ಲ ನನ್ನ ವಿದ್ಯಾರ್ಥಿಗಳ ಹೆಸರು! ಒಬ್ಬ ಮನೆ ಮುಂದಿನ ಬೇವಿನ ಗಿಡದ ಕೆಳಗೆ, ಒಬ್ಬ ಹಿಟ್ಟಿನ ಗಿರಣಿಯ ಮೂಲೆಯಲ್ಲಿ. ಮೇಲವಂಕಿಯ ಮುದುಕರೊಬ್ಬರು, "ಮಹಾದೇವಿ ಇಲ್ಲಂದ್ರ ಮೂರು ವರ್ಷದ ಹಿಂದನ ನಮ್ಮ ಕಬ್ಬು ಒಣಗಿ ಹೊಕ್ಕಿತ್ರಿ. ಖರೆ, ಆಕಿ ಒಬ್ಬಾಕಿ ಎಷ್ಟಂತ ಮಾಡ್ಯಾಳು? ಬ್ಯಾಸಿಗ್ಯಾಗ ಮತ್ತ ಗೋಕಾಕಕ್ಕ ಓಡತೇವಿ" ಎಂದರು. ಸರ್ಕಾರ ಒಂದು ವರ್ಷ ಕೂರಿಸಿ ಕಲಿಸಿದ್ದು ಇಷ್ಟು ಊರುಗಳ ಹೊಲಕ್ಕೆ ನೀರಾಗಿ ಹರಿಯುತ್ತಿತ್ತು. ಮೂರು ಊರು ಸುತ್ತಿದ್ದರೆ ಅಂದೇ ಕಾಣುತ್ತಿತ್ತು. ನನಗೆ ಮಾತ್ರ ಕಾಣಬೇಕಾಗಿರಲಿಲ್ಲ.

ಹಳೆಯ ಫಾರ್ಮಿನಂತೆಯೇ ಹೊಸ ಹಾಳೆಗೆ ಗೆರೆ ಎಳೆದು, ಎಲ್ಲವನ್ನೂ ನಾಲ್ಕನೆಯ ಸಾಲಿನಲ್ಲಿ ವಿವರವಾಗಿ ಬರೆದೆ. ಮೇಲೆ ಇಲಾಖೆಗೆ ಪತ್ರ: ಹಿಂದಿನ ವರದಿ ಸುಳ್ಳು, ನನ್ನ ವರ್ಗಾವಣೆಗಾಗಿ ಬೇಕೆಂದೇ ಬರೆದದ್ದು, ಕೋರ್ಸನ್ನು ಮತ್ತೆ ತೆರೆಯಿರಿ. ಕೆಳಗೆ ಪೂರ್ತಿ ಹೆಸರು, ಸಹಿ. ನನ್ನ ಹೆಂಡತಿ ಓದಿ, "ಪೆನ್ಶನ್ನಿಗೆ ಕಲ್ಲ ಹಾಕ್ಕೋತೀರೇನ್ರಿ?" ಎಂದಳು. ಹಾಕಿಕೊಂಡರೆ ಹಾಕಿಕೊಂಡೆ. ಅವರು ಏನು ಮಾಡಿದರೂ ಅದು ನನಗೆ ಬರಬೇಕಾದದ್ದೇ.

ಕೊಡುವ ಮೊದಲು ರೇಣುಕಾ ಓದಲಿ ಎಂದು ನಿನ್ನೆ ಹತ್ತರಗಿಗೆ ಹೋದೆ. ಅವಳು ಕೈಗೆ ಹತ್ತಿದ ಹಿಟ್ಟು ತೊಳೆದು, ಬಾಗಿಲಲ್ಲಿ ನಿಂತು, ಒಂದಕ್ಷರ ಬಿಡದೆ ಓದಿದಳು. ನಾನು ತಲೆ ತಗ್ಗಿಸಿ ನಿಂತಿದ್ದೆ. ಬೈದರೆ ಬೈಯಲಿ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

"ಇದರಾಗ ನನ್ನ ಹೆಸರ ಎಲ್ಲೈತ್ರಿ?"

"ಇದು... ಕಲಿತವರ ಪಟ್ಟಿ ಐತೆವ್ವಾ" ಎಂದೆ.

"ಕಲಿಯಾಕ ಬಂದಾಕಿನ್ನೂ ಬರೀರಿ."

ಹಾಳೆ ನನ್ನ ಕೈಗಿಟ್ಟು ಒಲೆಯ ಕಡೆ ಹೋದಳು. ಹಿಟ್ಟು ಕಾಯುತ್ತಿತ್ತು.

ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ. ರೇಣುಕಾ. ಕಾಗದ ತಂದಿದ್ದಳು. ಜಾಗವಿತ್ತು. ನಾನು ಸುಳ್ಳು ಹೇಳಿ ಕಳಿಸಿದೆ.

ನಾಳೆ ಬೆಳಿಗ್ಗೆ ಮೂಡಲಗಿಗೆ ಹೋಗಿ, ಇಲಾಖೆಗೆ ಕಳಿಸಿರೆಂದು ಹಳೆಯ ಕಾಲೇಜಿನಲ್ಲಿ ಪತ್ರ ಕೊಡುತ್ತೇನೆ. ಉತ್ತರ ಬರದಿದ್ದರೆ ಮತ್ತೆ ಹೋಗುತ್ತೇನೆ. ಎರಡು ಬಸ್ಸು ತಾನೆ.